ಹಿಸ್ಕೆ ಕಂಡ ಪುಟ್ಟ ಕತ್ತಿ

ಡೊಕ್ಕಮ್ ಊರಿನಲ್ಲಿ ಯಾರ ಮನೆಯ ಹಳೇ ಬೆಳ್ಳಿ ಹೊರಬಿದ್ದರೂ ಹಿಸ್ಕೆಗೆ ಕರೆ ಹೋಗಲೇಬೇಕು. ಚಮಚದ ಬೆನ್ನಿನಲ್ಲಿ ಸಾಸಿವೆಕಾಳಿನಷ್ಟಿರುವ ಮುದ್ರೆಗಳನ್ನು ಭೂತಗನ್ನಡಿಯಲ್ಲಿ ನೋಡಿ, ಯಾವ ಊರಿನದು, ಯಾರ ಕೈಯದು, ಯಾವ ಕಾಲದ್ದು ಎಂದು ಹೇಳಿಬಿಡುತ್ತಿದ್ದಳು. ಮುಖ ನೋಡಿ ಮಣೆ ಹಾಕುವವಳಲ್ಲ. ಪಾದ್ರಿಗಳು ಹೆಮ್ಮೆಯಿಂದ ತಂದ ಸಕ್ಕರೆ ಬಟ್ಟಲನ್ನೂ "ನಿನ್ನೆ ಮೊನ್ನೇದು" ಎಂದು ಹಿಂದಿರುಗಿಸಿದ ಗಟ್ಟಿಗಿತ್ತಿ!

ಅವಳಿಗೂ ಸಿಗದ ಚಮಚ ಒಂದಿತ್ತು, ಅದೂ ಸ್ವಂತ ಅತ್ತೆ ಬೌಕ್ಯೆಯದು. ಮನೆತನದಲ್ಲಿ ಹುಟ್ಟಿದವರ ಹೆಸರೆಲ್ಲ ಅದರ ಮೇಲೆ ಕೆತ್ತಿತ್ತು. ಮೊದಲನೆಯದು 1768ರ ವೀಬೆ. "ನಮ್ಮ ಹಿರೀಕರ ಮೇಲೆ ನಿನ್ನ ಕಣ್ಣು ಬೇಡ ಕಣೇ" ಎಂದು ಅತ್ತೆ ಬೀಗ ಹಾಕಿಟ್ಟಿದ್ದಳು.

ಹಿಸ್ಕೆಯ ಮಗ ಸ್ಯೂರ್ಡ್‌ಗೆ ಹೆಣ್ಣುಮಗು ಹುಟ್ಟಿತು. ಮಗು ಹುಟ್ಟಿದಾಗಿನ ವಾಡಿಕೆಯಂತೆ ನೆಂಟರೆಲ್ಲ ಬೆಣ್ಣೆ ಸವರಿದ ರಸ್ಕಿನ ಮೇಲೆ ಸೋಂಪಿನ ಮಿಠಾಯಿ ಉದುರಿಸಿಕೊಂಡು ಕರುಂ ಕುರುಂ ತಿನ್ನುತ್ತಿದ್ದಾಗ, ತೊಂಬತ್ತರ ಅತ್ತೆ ಚಮಚವನ್ನು ಸೊಸೆಯ ಮುಂದಿಟ್ಟಳು.

"ಎಲ್ಲರಿಗೂ ಕೇಳೋ ಹಾಗೆ ಹೇಳೇ. ವೀಬೆ ಅಜ್ಜನ ಕಾಲದ್ದು ಅಂತ ನಿನ್ನ ಬಾಯಲ್ಲೇ ಬರಲಿ. ಆಮೇಲೆ ಮಗೂಗೆ ಕೊಡ್ತೀನಿ."

ಹಿಸ್ಕೆ ಭೂತಗನ್ನಡಿ ಹಿಡಿದು ಚಮಚದ ಬೆನ್ನು ತಿರುಗಿಸಿದಳು. ಹಳೆಯ ಮುದ್ರೆಗಳ ಪಕ್ಕದಲ್ಲೇ ಪುಟ್ಟ ಕತ್ತಿಯ ಒಂದು ಮುದ್ರೆ. ಹೊಸದಾಗಿ ಮಾಡಿದ ಬೆಳ್ಳಿ ಅಪ್ಪಟವೆಂದು ತೋರಿಸಲು ಸರ್ಕಾರ ಆ ಕತ್ತಿಯನ್ನು ಒತ್ತತೊಡಗಿದ್ದೇ 1814ರಲ್ಲಿ. ಹಾಗಾದರೆ ಹಳೆಯ ಮುದ್ರೆಗಳು ಬರೀ ನಕಲು. ಹೌದೆಂದರೆ ಇಷ್ಟು ವರ್ಷ ಆಡಿದ ಮಾತೆಲ್ಲ ನೀರಲ್ಲಿ ಹೋಮ. ಅಲ್ಲವೆಂದರೆ ಮುದುಕಿಯ ಎದೆ ಒಡೆಯುತ್ತದೆ.

"ಹೂಂ ಅಂದ್ಬಿಡಮ್ಮ, ನಿನ್ನ ಗಂಟೇನು ಹೋಗತ್ತೆ?" ಸ್ಯೂರ್ಡ್ ಪಿಸುಗುಟ್ಟಿದ.

"ಅತ್ತೆ, ಇದು ವೀಬೆ ಅಜ್ಜನ ಕಾಲದ್ದಲ್ಲ" ಎಂದಳು ಹಿಸ್ಕೆ. "ಎಷ್ಟೋ ವರ್ಷ ಆದ್ಮೇಲೆ ಮಾಡಿಸಿ, ಹಿಂದಿನ ಇಸವಿ ಕೆತ್ತಿಸಿದ್ದಾರೆ."

ಮುದುಕಿ ಚಮಚವನ್ನು ಈಸಿಕೊಂಡು ಕಣ್ಣಿಗೆ ಹತ್ತಿರ ಹಿಡಿದಳು.

"ಯಾಕೆ ಹಾಗೆ ಮಾಡಿದ್ರು?"

"ಮುದ್ರೆ ಅದನ್ನ ಹೇಳಲ್ಲ ಅತ್ತೆ. ನಾನು ಕಥೆ ಕಟ್ಟಲಾರೆ."

"ಬೆಳ್ಳಿಯಾದ್ರೂ ಬೆಳ್ಳಿ ತಾನೆ?"

"ಅದಕ್ಕೆ ಮೋಸ ಇಲ್ಲ. ಆ ಕತ್ತಿ ಒತ್ತಿರೋದೇ ಅದಕ್ಕೆ."

ಮುದುಕಿ ವೀಬೆಯ ಹೆಸರನ್ನು ಬೆರಳಿನಿಂದ ಸವರಿದಳು. ಪಾಪ, ಕಣ್ಣು ತುಂಬಿತ್ತು. ಆಮೇಲೆ ಚಮಚವನ್ನು ಮಗುವಿನ ಮುಷ್ಟಿಗೆ ತುರುಕಿದಳು.

"ಹಿಡ್ಕೋ ಕೂಸೇ. ನಮ್ಮೋರು ಬುರುಡೆ ಬಿಟ್ಟವ್ರೇ ಇರಬಹುದು, ನಿನ್ನಜ್ಜಿ ಬಿಡಲಿಲ್ಲ ನೋಡು. ಲೋ ಸ್ಯೂರ್ಡ್, ಮಗೂ ಹೆಸರು ಕೆತ್ತಿಸೋವಾಗ ಪಕ್ಕದಲ್ಲಿ ನಿಮ್ಮಮ್ಮನ ಹೆಸರನ್ನೂ ಕೆತ್ತಿಸೋ."

ಹೊರಗಿನಿಂದ ಬಂದ ಸೊಸೆಯೊಬ್ಬಳ ಹೆಸರು ಆ ಚಮಚದ ಮೇಲೆ ಬಿದ್ದದ್ದು ಅದೇ ಮೊದಲು.