ಊರಿನದೇ ಕೆಂಪು ರೈಲು

ಆರ್ಲಿಸ್ ಹೌಗೆನ್ ಕುರ್ಚಿಯಲ್ಲಿ ಬೆನ್ನಾನಿಸಿ ಕುಳಿತದ್ದನ್ನು ಟಾಮರಾಕ್ ಫಾಲ್ಸ್ ಊರಿನಲ್ಲಿ ಕಂಡವರಿಲ್ಲ. ಊಟಕ್ಕೂ ಅವಳು ಕುರ್ಚಿಯ ಅಂಚಿನಲ್ಲೇ ಕೂರುವಳು. ಒಂದು ಕಾಲು ಆಗಲೇ ಅಡುಗೆಮನೆಯ ಕಡೆ ತಿರುಗಿರುತ್ತಿತ್ತು.

"ನೀನು ಸತ್ತ ಮೇಲೂ ಸುಮ್ನೆ ಮಲಗೋಳಲ್ಲ ಕಣೇ. ಪಾದ್ರಿ ಮಣ್ಣು ಹಾಕೋ ಹೊತ್ತಿಗೆ ಪೆಟ್ಟಿಗೆಯಿಂದ ಎದ್ದು, ಪೊರಕೆ ಎಲ್ಲಿ ಅಂತೀಯ" ಎಂದು ಅವಳ ಗಂಡ ಲೊವೆಲ್ ನಗುತ್ತಿದ್ದ.

ಅವಳ ಕಸುಬೂ ಕೂರಗೊಡದಂಥದ್ದೇ. ವಿಸ್ಕಾನ್ಸಿನ್ನಿನ ಉತ್ತರದ ಆ ಊರಿನಲ್ಲಿ ಚೀಸ್ ಕಾರ್ಖಾನೆಗೋ ಆಸ್ಪತ್ರೆಗೋ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುತ್ತಿದ್ದುದು ಅವಳ ಮನೆಯಲ್ಲಿ. ಅವಳು ಮೂಗು ಒರೆಸಿ ದೊಡ್ಡವರನ್ನಾಗಿ ಮಾಡಿದ ಮಕ್ಕಳೇ ಈಗ ತಮ್ಮ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುತ್ತಿದ್ದರು. ಡೇನಾ ಅಂಥವರಲ್ಲಿ ಒಬ್ಬಳು. ಗಂಡ ಬಿಟ್ಟುಹೋದ ಮೇಲೆ ಚೀಸ್ ಕಾರ್ಖಾನೆಯ ಬೆಳಗಿನ ಪಾಳಿ ಹಿಡಿದಿದ್ದಳು. ಅವಳ ಮಗಳು ಮಾರೆನ್‌ಗೆ ಇನ್ನೂ ಎರಡು ತುಂಬಿರಲಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು.

ಎರಡು ಸಾವಿರದ ಏಳನೆಯ ಇಸವಿ. ಆ ಬೇಸಿಗೆಯಿಡೀ ಟೀವಿಯಲ್ಲಿ ಅದೇ ಸುದ್ದಿ: ಚೀನಾದಿಂದ ಬಂದ ಆಟದ ಸಾಮಾನಿನ ಬಣ್ಣದಲ್ಲಿ ಸೀಸವೆಂಬ ವಿಷಲೋಹ ಇದೆ, ಅಂಗಡಿಗಳು ಮಾರಿದ್ದನ್ನೆಲ್ಲ ಹಿಂದಕ್ಕೆ ಕರೆಸಿಕೊಳ್ಳುತ್ತಿವೆ. ಆರ್ಲಿಸ್ ಪಾತ್ರೆ ಒರೆಸುತ್ತಾ ಅದನ್ನು ಕೇಳಿದಳು. ಯಾರದೋ ಮನೆಯ ಸುದ್ದಿಯೆಂಬಂತೆ ಕೇಳಿದಳು. ಸೆಪ್ಟೆಂಬರಿನಲ್ಲಿ ಆ ಸುದ್ದಿ ಅವಳ ಹೊಸ್ತಿಲಿಗೇ ಬಂತು. ಡಾಕ್ಟರು ಮಾರೆನ್‌ಳ ಬೆರಳು ಚುಚ್ಚಿ ರಕ್ತ ನೋಡಿದ್ದರು. ರಕ್ತದಲ್ಲಿ ಸೀಸವಿತ್ತು.

ಜಿಲ್ಲಾ ಆರೋಗ್ಯ ಕಚೇರಿಯ ನರ್ಸ್ ಗ್ವೆನ್ ಸೀಸ ಪತ್ತೆಹಚ್ಚುವ, ಪಿಸ್ತೂಲಿನಂಥ ಒಂದು ಯಂತ್ರ ಹಿಡಿದುಕೊಂಡು ಬಂದಳು. ಮೊದಲು ಡೇನಾಳ ಮನೆ, ಆಮೇಲೆ ಆರ್ಲಿಸಳ ಮನೆ. ಗೋಡೆಗೆ ಹಿಡಿದಳು, ಕಿಟಕಿಗೆ ಹಿಡಿದಳು, ಏನೂ ಇಲ್ಲ. ಆಟದ ಬುಟ್ಟಿಯಲ್ಲಿದ್ದ ಹಳದಿ ಲಾರಿಗೆ ಹಿಡಿದಾಗ ಯಂತ್ರ ಕೂಗಿತು.

"ಇದೇ ನೋಡಿ" ಎಂದಳು ಗ್ವೆನ್. "ಮಗು ಗಾಬರಿ ಪಡೋ ಸ್ಥಿತಿಗೇನೂ ಹೋಗಿಲ್ಲ. ಹಾಲು, ಮೊಟ್ಟೆ, ಸೊಪ್ಪು ಚೆನ್ನಾಗಿ ಕೊಡಿ. ಕೈ ತೊಳೀತಾ ಇರಿ. ಸ್ವಲ್ಪ ದಿನ ಬಿಟ್ಟು ಮತ್ತೆ ರಕ್ತ ನೋಡೋಣ, ಇಳೀಬೇಕು."

"ಇಳೀದೇ ಇದ್ರೆ?" ಎಂದಳು ಆರ್ಲಿಸ್.

"ಇಳಿಯುತ್ತೆ."

"ಇಳೀದೇ ಇದ್ರೆ ಮಗೂಗೆ ಏನಾಗುತ್ತೆ ಹೇಳಮ್ಮ."

ಗ್ವೆನ್ ಯಂತ್ರವನ್ನು ಚೀಲಕ್ಕೆ ಹಾಕುತ್ತಾ ಮೆಲ್ಲನೆ ಹೇಳಿದಳು: "ತಲೆಗೆ ಹೋಗುತ್ತೆ. ಮುಂದೆ ಓದು, ಬುದ್ಧಿ, ಎಲ್ಲಕ್ಕೂ ಕಷ್ಟ. ಹೋದದ್ದು ತಿರುಗಿ ಬರಲ್ಲ."

ಅಂದಿನಿಂದ ಆರ್ಲಿಸ್ ಕಾಲು ಸುಟ್ಟ ಬೆಕ್ಕಿನಂತಾದಳು. ಬುಟ್ಟಿಗಳನ್ನು ಬೋರಲು ಹಾಕಿ, ಒಂದೊಂದೇ ಆಟದ ಸಾಮಾನನ್ನು ತಿರುಗಿಸಿ, ಹೊಟ್ಟೆಯ ಕೆಳಗಿನ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದಳು. ಗೊಂಬೆ, ಹೂಜಿ, ಡಮರು, ಬಾತುಕೋಳಿ, ಎಲ್ಲವೂ ಚೀನಾದ್ದೇ. ಕಸದ ಚೀಲಗಳು ತುಂಬಿ ಅಂಗಳದಲ್ಲಿ ಸಾಲಾಗಿ ನಿಂತವು. ಒಳಗೆ ಮಕ್ಕಳು ಬರಿಯ ನೆಲದ ಮೇಲೆ ಕುಳಿತು ಅಳುತ್ತಿದ್ದರು.

ಆಗ ಲೊವೆಲ್ ನೆಲಮಾಳಿಗೆಗೆ ಇಳಿದು ಒಂದು ಪೆಟ್ಟಿಗೆ ಹೊತ್ತು ತಂದ. ಅದರಲ್ಲಿದ್ದುದು ನೂರ್ಡಾಲ್ ರೈಲು.

ನೂರ್ಡಾಲ್ ಎಂದರೆ ಆ ಊರಿನ ಮರದ ಆಟಿಕೆಯ ಕಾರ್ಖಾನೆ. ಮುಚ್ಚಿ ಬಹಳ ಕಾಲವಾಗಿದ್ದರೂ ಊರಿನವರ ಬಾಯಲ್ಲಿ ಅದು ಇನ್ನೂ ನಡೆಯುತ್ತಲೇ ಇತ್ತು. ಅಲ್ಲಿ ಕೆಲಸ ಮಾಡದ ಮನೆತನವಿಲ್ಲ. ಅಲ್ಲಿಯ ರೈಲು, ಕುದುರೆ, ಬಾತುಕೋಳಿ ಇಲ್ಲದ ಅಟ್ಟವಿಲ್ಲ. ಲೊವೆಲ್ ಹುಡುಗನಾಗಿದ್ದಾಗಲೇ ಅಲ್ಲಿಯ ಬಣ್ಣದ ಮನೆಗೆ ಸೇರಿದವನು. ಇಂಜಿನ್ನಿಗೆ ಆ ಹೊಳೆಯುವ ಕೆಂಪು ಹಾಕುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

"ತಗೋ. ಮೇಪಲ್ ಮರ, ನಮ್ಮ ಕಾಡಿಂದು. ಬಣ್ಣ ನಂದು. ಸಮುದ್ರ ದಾಟಿ ಬಂದದ್ದು ಒಂದು ಮೊಳೆನೂ ಇಲ್ಲ ಇದರಲ್ಲಿ" ಎಂದ.

ಸುದ್ದಿ ಚರ್ಚಿನವರೆಗೂ ಹೋಯಿತು. ಹೆಂಗಸರ ಬಳಗಕ್ಕೆ ಹಿರಿಯಳಾದ ವರ್ನಾ ತನ್ನ ಅಟ್ಟದಿಂದ ಕೆಂಪು ಕುದುರೆಯನ್ನೂ ಗಾಡಿಯನ್ನೂ ಚರ್ಚಿಗೇ ತಂದು ಆರ್ಲಿಸಳಿಗೆ ತೋರಿಸಿದಳು.

"ನಮ್ಮಪ್ಪ ಕೊರೆದದ್ದು ಕಣೇ. ನಾವೆಲ್ಲ ಇಂಥದ್ದನ್ನ ಚೀಪಿಕೊಂಡೇ ಬೆಳೆದ್ವಿ, ಏನಾಯ್ತು ನಮಗೆ?"

"ಏನೂ ಆಗಿಲ್ಲ ಅಂತ ಯಾರು ಹೇಳಿದ್ದು? ನಿನ್ನ ಕೈಯ ಕಾಫಿ ಕುಡಿದವರನ್ನ ಕೇಳು" ಎಂದ ಲೊವೆಲ್. ಎಲ್ಲರೂ ನಕ್ಕರು. ಆ ವರುಷ ಕ್ರಿಸ್‌ಮಸ್ಸಿಗೆ ಚರ್ಚಿನಿಂದ ಬಡಮಕ್ಕಳಿಗೆ ಹಂಚುವ ಉಡುಗೊರೆಯೂ ಅಂಗಡಿಯದ್ದಾಗಬಾರದು, ಅಟ್ಟದಲ್ಲಿರುವ ಊರಿನ ಆಟಿಕೆಯೇ ಆಗಬೇಕೆಂದು ವರ್ನಾ ಸಾರಿದಳು. ಮನೆಮನೆಯಿಂದ ಪೆಟ್ಟಿಗೆಗಳು ಬರತೊಡಗಿದವು.

ಮಾರೆನ್‌ಳಿಗೆ ಹತ್ತಿದ್ದು ಕೆಂಪು ಇಂಜಿನ್ನಿನ ಹುಚ್ಚು. ಹೊಗೆಗೂಡನ್ನು ಬಾಯಲ್ಲಿ ಕಚ್ಚಿಕೊಂಡು ಮನೆಯೆಲ್ಲ ತಿರುಗುವಳು. ಕಿತ್ತುಕೊಂಡರೆ ಊರು ಒಂದಾಗುವಂತೆ ಕಿರುಚುವಳು. ಕಚ್ಚಿಕೊಳ್ಳಲಿ ಬಿಡು, ನಮ್ಮೂರಿನದೇ ತಾನೆ, ಎಂದುಕೊಂಡಳು ಆರ್ಲಿಸ್. ಎಷ್ಟೋ ದಿನಗಳ ಮೇಲೆ ಅವಳ ಎದೆ ಸ್ವಲ್ಪ ಹಗುರವಾಗಿತ್ತು.

ಜಿಂಕೆ ಬೇಟೆಯ ಕಾಲ ಬಂತು. ಊರಿನ ಗಂಡಸರೆಲ್ಲ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡು ಸೇರಿದ್ದರು. ಅಂಥ ಒಂದು ಮಧ್ಯಾಹ್ನ ಡೇನಾ ಹೊತ್ತಿಗೆ ಮುಂಚೆಯೇ ಬಂದು, ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತಳು.

"ಏರಿದೆ, ಆಂಟಿ."

"ಏನು ಏರಿದೆ?"

"ರಕ್ತದಲ್ಲಿ. ಇಳೀಬೇಕಾದ್ದು ಏರಿದೆ. ಮೊದಲಿಗಿಂತ ಜಾಸ್ತಿ." ಅವಳ ಕಣ್ಣು ಮನೆಯೆಲ್ಲ ಹುಡುಕುತ್ತಿತ್ತು. "ನಮ್ಮನೇಲಿ ಚಿಟಿಕೆ ಧೂಳೂ ಬಿಡದ ಹಾಗೆ ತೊಳೆದಿದೀನಿ. ಇಲ್ಲಿ ಏನು ತಿಂತಿದೆ ನನ್ನ ಮಗು?"

ನಲ್ಲಿಯ ನೀರೋ, ತಟ್ಟೆಯೋ, ಹಿತ್ತಿಲ ಮಣ್ಣೋ ಎಂದು ಆರ್ಲಿಸ್ ತಡವರಿಸಿದಳು. ಡೇನಾ ಮಗಳನ್ನು ಎತ್ತಿಕೊಂಡು ಹೊರಟಳು. ನಾಳೆಯಿಂದ ಮಗು ಬರುವುದಿಲ್ಲವೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹೋಗುವಾಗ ಮಾರೆನ್ ಬಾಯಲ್ಲಿದ್ದ ಇಂಜಿನ್ ನೆಲಕ್ಕೆ ಬಿದ್ದು ಉರುಳಿತು.

ಮಿಕ್ಕ ಮಕ್ಕಳು ಮನೆ ಸೇರಿದ ಮೇಲೆ ಆರ್ಲಿಸ್ ನಿಂತಲ್ಲಿ ನಿಲ್ಲಲಿಲ್ಲ. ತಟ್ಟೆಗಳನ್ನು ಇಳಿಸಿದಳು, ಮತ್ತೆ ಜೋಡಿಸಿದಳು. ನಲ್ಲಿ ತಿರುಗಿಸಿ ನೀರು ಮೂಸಿದಳು. ಹೊರಗೆ ಹೋಗಿ ಹೆಪ್ಪುಗಟ್ಟಿದ ಮಣ್ಣನ್ನು ಉಗುರಿನಿಂದ ಕೆರೆದಳು. ಒಳಗೆ ಬಂದು, ದಾರಿಗೆ ಅಡ್ಡವಾಗಿದ್ದ ಇಂಜಿನ್ನನ್ನು ಎತ್ತಿಡಲು ಬಾಗಿದಳು. ಕೈಗೆ ಬಂದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೊಗೆಗೂಡಿನ ತುದಿಯಲ್ಲಿ ಕೆಂಪೇ ಇರಲಿಲ್ಲ. ಬಿಳಿಯ ಮರ, ಅದರ ಮೇಲೆ ಪುಟ್ಟ ಹಲ್ಲಿನ ಗುರುತುಗಳು.

ಕೆಂಪೆಲ್ಲ ಎಲ್ಲಿ ಹೋಯಿತು?

ನರ್ಸ್ ಬಂದಾಗ ಈ ರೈಲು ಇನ್ನೂ ನೆಲಮಾಳಿಗೆಯಲ್ಲಿತ್ತು. ಆಮೇಲೆ ಇದನ್ನು ತೋರಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ. ಚೀನಾದ ಬಾತುಕೋಳಿಯ ಹೊಟ್ಟೆಯಡಿಯ ಅಕ್ಷರವನ್ನೂ ಬಿಡದೆ ಓದಿದವಳು, ಊರಿನ ರೈಲನ್ನು ತಿರುಗಿಸಿಯೂ ನೋಡಿರಲಿಲ್ಲ. ಮನೆಯ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಡುವುದೇ?

ಮರುದಿನವೇ ಅವಳು ಇಂಜಿನ್ನನ್ನು ತೆಗೆದುಕೊಂಡು ಗ್ವೆನ್‌ಳ ಕಚೇರಿಗೆ ಕಾರು ಓಡಿಸಿದಳು. ಯಂತ್ರ ಹಳದಿ ಲಾರಿಗೆ ಕೂಗಿದ್ದಕ್ಕಿಂತ ಜೋರಾಗಿ ಕೂಗಿತು. ಗ್ವೆನ್ ಅಲ್ಲಿಂದಲೇ ಡೇನಾಳಿಗೆ ಫೋನ್ ಮಾಡಿ ತಿಳಿಸಿದಳು.

ಲೊವೆಲ್ ಕಾಡಿನಿಂದ ಬಂದು ಬೂಟು ಕಳಚುತ್ತಿದ್ದಾಗ ಆರ್ಲಿಸ್ ವಿಷಯ ಹೇಳಿದಳು. ಅವನು ಒಂದು ಬೂಟು ಕೈಯಲ್ಲಿ ಹಿಡಿದೇ ಕುಳಿತ.

"ಆ ಯಂತ್ರಕ್ಕೇನು ಗೊತ್ತು? ಅದನ್ನೆಲ್ಲಿ ಮಾಡಿದ್ದು, ಕೇಳಿದ್ಯಾ? ಚೀನಾದ್ದೇ ಇರಬೇಕು."

"ಹಾಸ್ಯ ಬೇಡ."

"ಹಾಸ್ಯ ಅಲ್ವೇ! ಆ ಬಣ್ಣ ನನ್ನ ಮೂಗಲ್ಲಿ, ಗಂಟಲಲ್ಲಿ, ಊಟದ ಡಬ್ಬೀಲಿ ಎಲ್ಲ ಇತ್ತು. ನನಗೇನಾಯ್ತು?"

"ನೀನು ಎರಡು ವರ್ಷದ ಮಗು ಆಗಿರಲಿಲ್ವಲ್ಲ, ಲೊವೆಲ್."

ಅವನು ಬೂಟನ್ನು ಕೆಳಗಿಟ್ಟ. "ಸರ್ಕಾರ ಕಾನೂನು ತಂದಾಗ ಬಣ್ಣದ ಡಬ್ಬ ಬದಲಾಯ್ತು. ಹೊಸದು ಅಷ್ಟು ಹೊಳೀತಿರಲಿಲ್ಲ. ಹಳೇದೇ ಚೆನ್ನಾಗಿತ್ತು ಅಂತ ನಾವೆಲ್ಲ ಬೈಕೊಂಡ್ವಿ. ಬದಲಾಯಿಸಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ" ಎಂದ. ಮತ್ತೆ, "ವರ್ನಾಗೆ ಹೇಳ್ತೀಯ?" ಎಂದು ಕೇಳಿದ.

"ಚರ್ಚಿನಲ್ಲಿ ಪೆಟ್ಟಿಗೆ ರಾಶಿ ಬಿದ್ದಿದೆ. ಹೇಳದೆ?"

"ಊರಿನವರ ಕಣ್ಣಲ್ಲಿ ನಾನು ಏನಾಗ್ತೀನಿ, ಅದನ್ನೂ ಯೋಚನೆ ಮಾಡು."

ಆರ್ಲಿಸ್ ಯೋಚನೆ ಮಾಡಿದಳು. ಆ ವಾರವೆಲ್ಲ ಕಸ ಗುಡಿಸಿದ ಕಡೆಯೇ ಗುಡಿಸುತ್ತಾ ಅದನ್ನೇ ಯೋಚಿಸಿದಳು. ಈ ಗಂಡನ ಹೆಮ್ಮೆಯನ್ನು ಅವಳು ಅವನ ಅಂಗಿಯಷ್ಟೇ ಜೋಪಾನವಾಗಿ ಒಗೆದು ಮಡಿಸಿ ಇಟ್ಟುಕೊಂಡು ಬಂದವಳು. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಆ ಬಿಳಿಯ ಹೊಗೆಗೂಡು.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಂದಿನಂತೆ ಕಾಫಿ. ಉದ್ದನೆಯ ಮೇಜಿನ ಮೇಲೆ ಊರಿನ ಆಟಿಕೆಗಳು ಕೆಂಪು ರಿಬ್ಬನ್ ಕಟ್ಟಿಸಿಕೊಂಡು ನಿಂತಿದ್ದವು. ಆರ್ಲಿಸ್ ಕಾಫಿ ತೆಗೆದುಕೊಳ್ಳದೆ ನೇರವಾಗಿ ವರ್ನಾಳ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದಳು.

"ಅಯ್ಯೋ, ಸುಮ್ಮನಿರೇ" ಎಂದು ವರ್ನಾ ಸುತ್ತ ನೋಡಿದಳು. "ನಮ್ಮಪ್ಪನ ಕುದುರೇಲಿ ವಿಷ ಅಂತೀಯಾ? ನಿನ್ನ ಮನೆ ಧೂಳಲ್ಲಿ ಏನಿತ್ತೋ. ತಪ್ಪು ಮುಚ್ಚಿಕೊಳ್ಳೋಕೆ ಊರಿನ ಮೇಲೆ ಹಾಕಬೇಡ."

"ನನ್ನ ಮನೇಲೇ ಆದದ್ದು, ನಾನೇ ಕೊಟ್ಟದ್ದು. ಅದನ್ನ ಮುಚ್ಚಿಲ್ಲ. ಇದನ್ನೆಲ್ಲ ಗ್ವೆನ್ ಒಂದು ಸಲ ನೋಡಲಿ, ಅಷ್ಟೇ ಕೇಳ್ತಿರೋದು."

"ಪರದೇಶದ್ದು ಬೇಡ ಅಂದವಳೂ ನೀನೇ, ನಮ್ಮದೂ ಬೇಡ ಅನ್ನೋಳೂ ನೀನೇ. ಮಕ್ಕಳು ಏನಿಟ್ಕೊಂಡು ಆಡಬೇಕು, ಆಲೂಗಡ್ಡೇನಾ?"

ಒಂದಿಬ್ಬರು ನಕ್ಕರು. ಆರ್ಲಿಸಳ ಕೈ ಸುಮ್ಮನಿರಲಾರದೆ ಮೇಜಿನ ಮೇಲಿನ ರಿಬ್ಬನ್ನನ್ನು ಬಿಚ್ಚುತ್ತಿತ್ತು. "ನಮ್ಮದು ಬೇಡ ಅಂದೆನಾ? ಬಣ್ಣದಲ್ಲಿ ಏನಿದೆ ಅಂತ ಚೀನಾದವನನ್ನ ಹೋಗಿ ಕೇಳೋಕೆ ನನ್ನ ಕೈಲಾಗಲ್ಲ, ವರ್ನಾ. ನಮ್ಮೂರವನನ್ನ ಕೇಳಬಹುದಿತ್ತು. ಅವನು ನನ್ನ ಮಂಚದ ಮೇಲೇ ಮಲಗ್ತಾನೆ. ಆದ್ರೂ ಕೇಳಲಿಲ್ಲ."

ನಗೆ ನಿಂತಿತು. ಎಲ್ಲರ ಕಣ್ಣೂ ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದ ಲೊವೆಲ್‌ನ ಕಡೆ ತಿರುಗಿತು. ಅವನು ಬರುವುದಿಲ್ಲವೆಂದು ಹೇಳಿ, ಕೊನೆಗೆ ಕಾರು ಹತ್ತಿ ಬಂದಿದ್ದ. ಲೋಟವನ್ನು ಕೆಳಗಿಟ್ಟು ಮೇಜಿನ ಬಳಿಗೆ ಬಂದ. ಒಂದು ಇಂಜಿನ್ನನ್ನು ಎತ್ತಿ, ಹೆಬ್ಬೆರಳಿನಿಂದ ಬಣ್ಣವನ್ನು ಒಮ್ಮೆ ಸವರಿ, ಪಕ್ಕಕ್ಕಿಟ್ಟ. ಇನ್ನೊಂದನ್ನು ಎತ್ತಿದ.

"ಇದು ಹಳೇ ಬಣ್ಣ. ಇದೂ. ಇದು ಆಮೇಲಿಂದು, ಮಂಕಾಗಿದೆ ನೋಡಿ. ಆದ್ರೆ ನನ್ನ ಕಣ್ಣನ್ನ ನಂಬಬೇಡಿ, ಯಂತ್ರಕ್ಕೆ ತೋರಿಸಿ" ಎಂದ. ವರ್ನಾಳ ಅಪ್ಪನ ಕುದುರೆಯ ಬಳಿ ಅವನ ಕೈ ನಿಂತಿತು. "ಕೊರೆದದ್ದು ನಿಮ್ಮಪ್ಪನೇ, ವರ್ನಾ. ಅದರಲ್ಲೇನೂ ತಪ್ಪಿಲ್ಲ. ಕೆಂಪು ನಂದು."

ವರ್ನಾ ಕುದುರೆಯನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು. ಅದನ್ನು ಮನೆಗೆ ಒಯ್ದಳು. ಮಿಕ್ಕದ್ದೆಲ್ಲ ಮರುದಿನ ಗ್ವೆನ್‌ಳ ಯಂತ್ರದ ಮುಂದೆ ಹೋಯಿತು. ಸೀಸ ಸಿಕ್ಕಿ, ಬಹುಪಾಲು ತಿರುಗಿ ಬರಲಿಲ್ಲ. ಊರಿನಲ್ಲಿ ಕೆಲವರು ಆರ್ಲಿಸಳ ಕೈಹಿಡಿದು ಒಳ್ಳೆಯದು ಮಾಡಿದೆ ಎಂದರು. ಕೆಲವರು ಅಂಗಡಿಯಲ್ಲಿ ಕಂಡರೆ ಇನ್ನೊಂದು ಸಾಲಿಗೆ ತಿರುಗಿಕೊಂಡರು. ಎರಡಕ್ಕೂ ಅವಳ ಗಮನವಿರಲಿಲ್ಲ. ದಿನಾ ಬೆಳಿಗ್ಗೆ ಡೇನಾಳ ಕಾರು ಬೀದಿಯ ಮೂಲೆ ದಾಟಿ, ಮಗುವನ್ನು ಬಿಡಲು ದೂರದ ಊರಿನಲ್ಲಿದ್ದ ತನ್ನ ಅಕ್ಕನ ಮನೆಯ ಕಡೆ ಹೋಗುವುದನ್ನು ಕಿಟಕಿಯಿಂದ ನೋಡುವಳು. ಮಗುವಿನ ರಕ್ತದಲ್ಲಿ ಸೀಸ ಇಳಿಯಿತೋ ಇಲ್ಲವೋ? ಕೇಳಲು ಫೋನಿನವರೆಗೆ ಹೋಗುವಳು, ಹಿಂದಿರುಗುವಳು.

ಆ ಚಳಿಗಾಲದಲ್ಲಿ ಅಂಗಡಿಗೆ ಹೋದಾಗಲೆಲ್ಲ ಅವಳು ದೇಶದಲ್ಲೇ ತಯಾರಾದ ಆಟಿಕೆಯನ್ನು ಹುಡುಕುವಳು; ಸಿಕ್ಕಿದರೂ ತೃಪ್ತಿಯಿಲ್ಲ. ಪೆಟ್ಟಿಗೆಯ ಮೇಲಿನ ನಂಬರಿಗೆ ಫೋನ್ ಮಾಡುವಳು.

"ಬಣ್ಣ ಯಾವುದಪ್ಪ? ಯಾರು ಪರೀಕ್ಷೆ ಮಾಡಿದ್ದು?"

"ಅಮ್ಮಾ, ನಾವು ಈ ದೇಶದವರೇ, ವರ್ಮಾಂಟಿನವರು, ನಮ್ಮದು ಮೂರು ತಲೆಮಾರಿನ ಕಸುಬು" ಎಂದು ಆ ಕಡೆಯಿಂದ ಒಬ್ಬ ನೊಂದುಕೊಂಡ.

"ಸಂತೋಷಪ್ಪ. ನಮ್ಮದೂ ಹಾಗೇ ಇತ್ತು. ಬಣ್ಣ ಯಾವುದು?"

ಹಿಮ ಕರಗುವ ಹೊತ್ತಿಗೆ ಒಂದು ಬೆಳಿಗ್ಗೆ ಡೇನಾಳ ಕಾರು ಮೂಲೆಯನ್ನು ದಾಟದೆ ಮನೆಯ ಮುಂದೆ ನಿಂತಿತು. ಮಾರೆನ್‌ಳನ್ನು ಎತ್ತಿಕೊಂಡು ಒಳಗೆ ಬಂದ ಅವಳು ಆರ್ಲಿಸಳ ಮುಖ ನೋಡಲಿಲ್ಲ.

"ಇಳಿದಿದೆ" ಎಂದಳು. "ಪೂರ್ತಿ ಹೋಗಿಲ್ಲ. ಇಳೀತಾ ಇದೆ."

ಆರ್ಲಿಸ್ ಏನೋ ಹೇಳಲು ಬಾಯಿ ತೆರೆದಳು. ಡೇನಾ ಕೈ ಎತ್ತಿ ತಡೆದು, ಮಗಳನ್ನು ಕಂಕುಳಲ್ಲಿಟ್ಟುಕೊಂಡೇ ಆಟದ ಬುಟ್ಟಿಯ ಮುಂದೆ ಮೊಣಕಾಲೂರಿದಳು. ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದಳು. ಬಣ್ಣವಿಲ್ಲದ ಚೌಕ ಮರದ ತುಂಡೊಂದನ್ನು ಮೂಸಿದಳು.

"ಇದು ಎಲ್ಲಿಯದು?"

"ಮೇಪಲ್. ಲೊವೆಲ್ ಕೊಯ್ದದ್ದು. ಬಣ್ಣ, ಎಣ್ಣೆ ಏನೂ ಇಲ್ಲ."

"ಗ್ವೆನ್‌ಗೆ ತೋರಿಸಿದ್ರಾ?"

"ತೋರಿಸಿದೆ. ಎಲ್ಲಾನೂ."

"ನಾನೂ ಅವಳನ್ನ ಕೇಳ್ತೀನಿ."

"ಕೇಳಮ್ಮ" ಎಂದಳು ಆರ್ಲಿಸ್. "ಕೇಳಲೇಬೇಕು."

ಡೇನಾ ಆ ಮರದ ತುಂಡನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. ಮಗಳನ್ನು ನೆಲಕ್ಕಿಳಿಸಿ, ಕಾರಿನ ಕೀಲಿಯನ್ನು ಕೈಯಲ್ಲಿ ತಿರುವುತ್ತಾ ಸ್ವಲ್ಪ ಹೊತ್ತು ನಿಂತಳು.

"ಇವತ್ತು ಮಧ್ಯಾಹ್ನದವರೆಗೆ ಮಾತ್ರ" ಎಂದು ಹೇಳಿ, ಬಾಗಿಲನ್ನು ಎಳೆದುಕೊಂಡು ಹೊರಗೆ ಹೋದಳು.