ಗಿರಿಜಾಬಾಯಿ ಬಲೆ ಕೊಯ್ದದ್ದು

ಸೋಲಾಪುರದ ಚಾದರ ವ್ಯಾಪಾರಿ ನಾಗಪ್ಪ ಹೆಂಡತಿಯನ್ನು ಕೇಳಿ ಮಾಡಿದ್ದು ಕಡಿಮೆ. ಮಾಡಿ ಬಂದು ಹೇಳಿದ್ದೇ ಹೆಚ್ಚು. ಗಿರಿಜಾಬಾಯಿ ಅದನ್ನೆಲ್ಲ ನುಂಗಿಕೊಂಡೇ ಬಂದವಳು. ಅವನು ಗಲ್ಲಾದ ಮೇಲೆ ಕೂತರೆ ಈಕೆ ಗಿರಾಕಿಗೆ ಚಾದರ ಬಿಚ್ಚಿ ತೋರಿಸುವುದು, ಮತ್ತೆ ಮಡಿಚಿಡುವುದು. ಹಾಗೇ ಇಬ್ಬರಿಗೂ ಅರವತ್ತು ದಾಟಿತು.

ಅಂಗಡಿಯನ್ನು ತಮ್ಮನ ಮಗ ಗುರುಶಾಂತನಿಗೆ ಒಪ್ಪಿಸಿದ ಮೇಲೆ ನಾಗಪ್ಪ ಕಾಶಿಗೆ ಹೋಗೋಣ ಎಂದ. ಈಕೆ ಒಲ್ಲೆನೆಂದಳು. ಹಕ್ಕಿ ನೋಡಬೇಕು ಎಂದಳು. ತಡವಳದ ತವರಿನಲ್ಲಿ ಚಳಿ ಬಿದ್ದರೆ ಹೆಬ್ಬಾತುಗಳು ಕಡಲೆ ಹೊಲಕ್ಕೆ ಇಳಿಯುತ್ತಿದ್ದವು. ಬಿಳಿ ತಲೆಗೆ ಎರಡು ಕರಿ ಪಟ್ಟೆ. ಡಬ್ಬಿ ಬಡಿದು ಓಡಿಸು ಎನ್ನುತ್ತಿದ್ದ ಅಪ್ಪ. ಓಡಿಸಿದ್ದೇ ಆಯಿತು, ಒಂದು ದಿನವೂ ಕೂತು ನೋಡಿರಲಿಲ್ಲ.

ಮಾಲು ಸಾಗಿಸುವ ಹಳೆಯ ಟೆಂಪೊದೊಳಗೆ ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ ಕೂಡಿಸಿಕೊಂಡು ಹೊರಟರು. ಬೋರಾಮಣಿಯ ಹುಲ್ಲುಗಾವಲಿನಲ್ಲಿ ಚಿಗರಿ ಜಿಂಕೆಗಳು ಕಂಡವು. ಅಕ್ಕಲಕೋಟದಲ್ಲಿ ಸ್ವಾಮಿಗಳ ದರ್ಶನ ಮುಗಿಸಿ, ಅನ್ನಛತ್ರದಲ್ಲಿ ಉಂಡು, ಸಂಜೆಗೆ ಒಂದು ಹಿನ್ನೀರಿನ ದಂಡೆಗೆ ಬಂದು ಗಾಡಿ ನಿಲ್ಲಿಸಿದರು. ದನಗಳು ತುಳಿದ ಕಾಲುದಾರಿ ಹಿಡಿದು ನಡೆದರೆ ಜೊಂಡಿನ ಆಚೆ ಮರಳಿನ ದಿಬ್ಬ. ಅದರ ಮೇಲೆ ಹೆಬ್ಬಾತುಗಳು. ದೂರವಿದ್ದವು. ಗಿರಿಜಾಬಾಯಿಗೆ ಅಷ್ಟು ಸಾಕಿತ್ತು.

ನಾಗಪ್ಪನಿಗೆ ಸಾಲಲಿಲ್ಲ. ಅಂಗಡಿ ತೆರೆಯುವ ಮೊದಲು ಪಾರಿವಾಳಗಳಿಗೆ ಜೋಳ ಚೆಲ್ಲುವುದು ಅವನ ಮನೆತನದ ನಡೆ. ಗಾಡಿಯಲ್ಲೂ ಒಂದು ಚೀಲ ತಂದಿದ್ದ. ಅರ್ಧ ಚೀಲ ದಂಡೆಗೆ ಸುರಿದ. ಇವು ಪಾರಿವಾಳವಲ್ಲ, ತಮ್ಮ ಹೊಟ್ಟೆ ತಾವು ನೋಡಿಕೊಳ್ಳುತ್ತವೆ ಎಂದು ಈಕೆ ತಡೆದಳು.

"ಪುಣ್ಯಾದ ಕೆಲಸಕ್ಕ ಅಡ್ಡ ಬರಬ್ಯಾಡ," ಎಂದ ನಾಗಪ್ಪ. "ನಾಳಿ ನೋಡು, ನಿನ್ನ ಕಾಲ ಹಂತೇಕ ಬರ್ತಾವ."

ಬಂದವು. ದಿಬ್ಬ ಬಿಟ್ಟು ದಂಡೆಗೇ ಬಂದು ಕಾಳು ಹೆಕ್ಕಿದವು. ನಾಗಪ್ಪನಿಗೆ ಹಿಗ್ಗು. ಗುರುಶಾಂತನಿಗೆ ಫೋನು ಮಾಡಿ ಹೇಳಿದ. ಎಮ್ಮೆ ಕಾಯುವವರಿಗೆ ಹೇಳಿದ. ದಾರಿಯಲ್ಲಿ ಹೋಗುವ ಮೋಟಾರ್‌ಸೈಕಲ್ ನಿಲ್ಲಿಸಿಯೂ ಹೇಳಿದ. ಉಳಿದ ಜೋಳವನ್ನೂ ಸುರಿದ.

ಮರುದಿನ ಬೆಳಕು ಹರಿಯುವಾಗ ರೆಕ್ಕೆ ಬಡಿಯುವ ಸಪ್ಪಳಕ್ಕೆ ಗಿರಿಜಾಬಾಯಿ ಎದ್ದು ಓಡಿದಳು. ಜೋಳ ಬಿದ್ದಲ್ಲೆಲ್ಲ ಬಲೆ. ಐದಾರು ಹೆಬ್ಬಾತು ಅದರಲ್ಲಿ ಸಿಕ್ಕಿ ಕೊರಳು ತಿರುವುತ್ತಿದ್ದವು. ಇಬ್ಬರು ಗಂಡಸರು ಗೋಣಿಚೀಲ ಬಿಡಿಸುತ್ತಿದ್ದರು. ನಾಚಿಕೆ ಇಲ್ಲವೇ ಎಂದು ಆಕೆ ಬೈದಳು.

"ನಮಗ ಯಾಕ ಬೈತೀರಿ, ಮಾವಶಿ?" ಎಂದ ಒಬ್ಬ. "ಕಾಳ ಚೆಲ್ಲಿ ಕರದವರು ನಿಮ್ಮ ಯಜಮಾನರ. ನಾವು ಬಲಿ ಹಾಸೀವಿ, ಅಷ್ಟ."

ಕಪಾಳಕ್ಕೆ ಹೊಡೆದಂತಾಯಿತು. ಹಿಂದೆಯೇ ಬಂದ ನಾಗಪ್ಪ ಜೇಬಿಗೆ ಕೈ ಹಾಕಿದ್ದ. ಎಲ್ಲಕ್ಕೂ ಸೇರಿ ಏನಾಗುತ್ತದೆ ಹೇಳು, ಕೊಟ್ಟು ಬಿಡಿಸಿಬಿಡುತ್ತೇನೆ ಎಂದು ಕೇಳಿದ. ದನಿಯಲ್ಲಿ ಅಂಗಡಿಯ ಸಮಾಧಾನ. ಅದನ್ನು ಕೇಳಿ ಗಿರಿಜಾಬಾಯಿಯ ಮೈ ಉರಿಯಿತು.

"ಜೇಬಿನಾಗಿನ ಕೈ ತಗೀರಿ. ಇವತ್ತ ನೀವು ಗಿರಾಕಿ ಆದ್ರಿ ಅಂದ್ರ ನಾಳಿ ಎರಡು ಬಲಿ ತರ್ತಾರ. ಗಲ್ಲಾದ ಮ್ಯಾಲ ಕೂತು ಇಷ್ಟು ತಿಳೀಲಿಲ್ಲೇನು ನಿಮಗ?"

ಗಾಡಿಯಿಂದ ಕಾಯಿಪಲ್ಲೆ ಹೆಚ್ಚುವ ಚಾಕು ತಂದಳು. ಸೀರೆ ಎತ್ತಿ ಸಿಕ್ಕಿಸಿ ಕೆಸರಿಗಿಳಿದಳು. ಬಲೆ ಹೊಸದು, ಕೊಯ್ಯಬೇಡಿ ಎಂದು ಆ ಮನುಷ್ಯ ಅಡ್ಡ ಬಂದ.

"ಆಕಡಿ ಸರಿ. ಮುದಕಿ ಕೈ, ನಡಗತದ. ಎಲ್ಲಿ ತಾಗತದೋ ಹೇಳಾಕ ಬರಲ್ಲ."

ಅವನು ಸರಿದ. ನಾಗಪ್ಪ ಹಣದ ಮಾತು ಬಿಟ್ಟು ಫೋನು ಹಿಡಿದು ಅರಣ್ಯ ಇಲಾಖೆಯವರನ್ನು ಕರೆಯತೊಡಗಿದ ಮೇಲೆ ಇಬ್ಬರೂ ಮೋಟಾರ್‌ಸೈಕಲ್ ಹತ್ತಿದರು. ಈಕೆ ಬಲೆ ಕೊಯ್ದಂತೆಲ್ಲ ಒಂದೊಂದೇ ಹಕ್ಕಿ ಬಿಡಿಸಿಕೊಂಡು ಎದ್ದಿತು. ಒಂದು ಮಾತ್ರ ರೆಕ್ಕೆ ಎಳೆಯುತ್ತ ಜೊಂಡಿನೊಳಗೆ ಹೋಯಿತು. ದಿಬ್ಬದ ಮೇಲಿನ ಹಿಂಡು ಪೂರ್ತಿ ಎದ್ದು, ಒಂದು ಸುತ್ತು ಹಾಕಿ, ನೀರಿನ ಆಚೆ ಕಾಣದಂತಾಯಿತು.

ತಾನು ಮಾಡಿದ್ದು ಒಳ್ಳೆಯದಕ್ಕೇ ಎಂದು ನಾಗಪ್ಪ ಸಣ್ಣಗೆ ಹೇಳಿದ.

"ನಿಮ್ಮ ಪುಣ್ಯಾ ಇನ್ನಾ ಕೆಸರಾಗ ಬಿದ್ದದ. ಇದು ಇರೂತನಾ ಹಕ್ಕಿನೂ ಬರ್ತಾವ, ಬಲಿನೂ ಬರ್ತದ. ಆರಿಸ್ರಿ."

ಅವನು ಮೊಣಕಾಲೂರಿದ. ಕೆಸರು ಬೆರೆತ ಕಾಳನ್ನು ಹಿಡಿಹಿಡಿಯಾಗಿ ಚೀಲಕ್ಕೆ ತುಂಬತೊಡಗಿದ. ಬಿಸಿಲೇರಿದ ಮೇಲೆ ಗಿರಿಜಾಬಾಯಿಯೂ ಬಂದು ಇನ್ನೊಂದು ತುದಿಯಿಂದ ಆರಿಸತೊಡಗಿದಳು. ಸಿಟ್ಟು ಇಳಿದಿರಲಿಲ್ಲ. ಒಬ್ಬನಿಂದಲೇ ಸಂಜೆಯೊಳಗೆ ಮುಗಿಯುವ ಕೆಲಸವಾಗಿರಲಿಲ್ಲ, ಅಷ್ಟೇ.