ಎಮಿಲ್ ಪಾಲ್ಕೊನನ್ನು ಇಡಿಯಾಗಿ ಇಡುವ ಪ್ರಯತ್ನ

ಎಮಿಲ್ ಪಾಲ್ಕೊ ಸತ್ತ ವಾರವೇ ಕಾರ್ವರ್ ಫಾಲ್ಸ್ ಊರಿನವರು ಅವನ ಬೂದಿಯಲ್ಲಿ ಪಾಲು ಕೇಳತೊಡಗಿದರು. ತಪ್ಪು ಅವರದಲ್ಲ. ಅರವತ್ತು ವರ್ಷ ತನ್ನದನ್ನೆಲ್ಲ ಹಂಚುತ್ತಲೇ ಬಂದ ಮನುಷ್ಯ. ಈಗ ಒಮ್ಮೆಗೇ ನಿಲ್ಲಿಸಿಬಿಟ್ಟರೆ ಊರಿಗೆ ಅಭ್ಯಾಸ ತಪ್ಪುವುದು ಹೇಗೆ?

ಚರ್ಚಿನ ನೆಲಮಾಳಿಗೆಯಲ್ಲಿ ತಿಥಿಯೂಟ ನಡೆದಿತ್ತು. ಹಂದಿಮಾಂಸದ ಸ್ಯಾಂಡ್‌ವಿಚ್ ಅಗಿಯುತ್ತಲೇ ಕ್ಷೌರದಂಗಡಿಯ ಗಸ್ ಎಮಿಲ್‌ನ ಹೆಂಡತಿ ವರ್ನಾಳ ಮುಂದೆ ಮೊದಲು ಬಾಯಿ ಬಿಟ್ಟ.

"ವರ್ನಾ, ಒಂದೇ ಒಂದು ಚಮಚ ಕೊಡು ಸಾಕು. ನಮ್ಮ ಟೊಮೆಟೊ ಗಿಡದ ಬುಡಕ್ಕೆ ಹಾಕ್ತೀನಿ. ನೆನಪಿಗೆ."

"ಅವನಿಗೊಂದಾದ್ರೆ ನನಗೆ ಎರಡು," ಎಂದ ಆರ್ನಿ. "ಎಷ್ಟಾದ್ರೂ ನಾನು ಒಳಗಿನವನು."

ಅದು ಸುಳ್ಳಲ್ಲ. ಎಮಿಲ್‌ನ ಎಡಗಡೆಯ ಕಿಡ್ನಿ ಆರ್ನಿಯ ಹೊಟ್ಟೆಯೊಳಗಿತ್ತು. ಇಬ್ಬರೂ ಬಸ್ ಡಿಪೋದಲ್ಲಿ ಮೆಕ್ಯಾನಿಕ್‌ಗಳು. ಬೇಸ್‌ಬಾಲ್ ಆಟದಲ್ಲಿ ಅಂಪೈರ್ ಕೊಟ್ಟ ಯಾವುದೋ ತೀರ್ಪಿನ ಬಗ್ಗೆ ಜಗಳವಾಡಿ ಎರಡು ವರ್ಷ ಮಾತು ಬಿಟ್ಟಿದ್ದರು. ಆರ್ನಿಯ ಕಿಡ್ನಿ ಕೈಕೊಟ್ಟ ಸುದ್ದಿ ಬಂದಾಗ ಎಮಿಲ್ ಕೈಯಲ್ಲಿದ್ದ ಪುಸ್ತಕ ಮಡಚಿಟ್ಟು, "ನನ್ನ ಹತ್ರ ಎರಡಿದೆ, ಅವನ ಹತ್ರ ಒಂದೂ ಇಲ್ಲ. ಇದರಲ್ಲಿ ಯೋಚನೆ ಮಾಡೋಕೇನಿದೆ?" ಎಂದಿದ್ದ, ಮಳೆಗೆ ಕೊಡೆ ಎರವಲು ಕೊಡುವವನಂತೆ. ಆಪರೇಷನ್ ಆದಮೇಲೆ ಜಗಳ ಇದ್ದಲ್ಲಿಂದಲೇ ಮುಂದುವರಿಯಿತು.

ವರ್ನಾ ಬೂದಿಯ ಡಬ್ಬಿಯನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರೆ. ಎಮಿಲ್ ಮನೆಗೆ ಮಾರಿಯೇನಲ್ಲ, ಆದರೆ ಮನೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಬೀದಿಯ ಕೊನೆಯ ಮನೆಗೆ ಬೆಂಕಿ ಬಿದ್ದಾಗ ಒಲೆಯ ಮೇಲಿದ್ದ ಮಾಂಸದ ಸಾರನ್ನು ಪಾತ್ರೆಸಮೇತ ಕೊಟ್ಟು ಬಂದ. ಗಂಡಹೆಂಡಿರು ಅಂದು ಬ್ರೆಡ್ಡಿಗೆ ಸಾಸಿವೆ ಹಚ್ಚಿಕೊಂಡು ತಿಂದರು. ಅವಳ ಒಳ್ಳೆಯ ಉಣ್ಣೆಕೋಟು ಬಸ್ಸಿಗೆ ಕಾಯುತ್ತ ನಡುಗುತ್ತಿದ್ದ ಯಾವಳೋ ಹೆಂಗಸಿನ ಪಾಲಾಯಿತು. ಆ ಚಳಿಗಾಲವಿಡೀ ವರ್ನಾ ಅಂಗಡಿಬೀದಿಯಲ್ಲಿ ತನ್ನ ಕೋಟು ಎದುರಿಗೆ ನಡೆದು ಬರುವುದನ್ನು ನೋಡಿ ಹಲ್ಲು ಕಡಿದಳು. ಕೋಟು ಆ ಹೆಂಗಸಿಗೇ ಹೆಚ್ಚು ಒಪ್ಪುತ್ತಿತ್ತು ಎಂಬುದು ಇನ್ನೊಂದು ಉರಿ.

"ಯಾರಿಗೂ ಇಲ್ಲ," ಎಂದಳು ವರ್ನಾ. "ಊರೆಲ್ಲ ತಿಂದು ಉಳಿಸಿದ್ದು ಇಷ್ಟೇ. ಇದನ್ನಾದ್ರೂ ಇಡಿಯಾಗಿ ಒಂದು ಕಡೆ ಇಡ್ತೀನಿ."

ಎಲ್ಲಿಡಬೇಕೆಂಬುದನ್ನು ಅವನೇ ಆಸ್ಪತ್ರೆಯಲ್ಲಿ ಹೇಳಿದ್ದ. ಮೊದಲು ಕೇಳಿದ್ದು ಶನಿಗ್ರಹದ ಉಂಗುರ. ಎಮಿಲ್‌ಗೆ ಇದ್ದದ್ದು ಎರಡೇ ಹುಚ್ಚು: ಒಂದು ಬೇಸ್‌ಬಾಲ್, ಇನ್ನೊಂದು ಅನ್ಯಗ್ರಹದ ಕಥೆಗಳು. ರಟ್ಟಿನ ಮೇಲೆ ಎಂಟು ಕೈಯ ಹಸಿರು ಪ್ರಾಣಿ ಇಲ್ಲದ ಪುಸ್ತಕವನ್ನು ಅವನು ಮುಟ್ಟುತ್ತಿರಲಿಲ್ಲ. ಓದಿ ಮುಗಿಸಿದ್ದನ್ನು ಸಿಕ್ಕಿದವರ ಕೈಗೆ ತುರುಕುತ್ತಿದ್ದ. ಹಲ್ಲಿನ ಡಾಕ್ಟರರಿಗೆ ಬಾಯಿ ತೆರೆದುಕೊಂಡೇ ಒಂದು ಪುಸ್ತಕ ಕೊಟ್ಟಿದ್ದನಂತೆ.

ಅವನ ಬೇಸ್‌ಬಾಲ್ ತಂಡದ ಹೆಸರು ಟರ್ಟಲ್ಸ್. ಹೆಸರು ಆಮೆ, ಓಟವೂ ಹಾಗೇ. ಅವರು ಸೋತಾಗಲೆಲ್ಲ, ಅಂದರೆ ಹೆಚ್ಚುಕಡಿಮೆ ಪ್ರತಿ ಭಾನುವಾರ, ಎಮಿಲ್ ಎದ್ದು ನಿಂತು ಸಮಾಧಾನ ಹೇಳುತ್ತಿದ್ದ. "ತಪ್ಪು ಹುಡುಗ್ರದ್ದಲ್ಲ ಕಣ್ರೋ, ಭೂಮೀದು! ಮಂಗಳದಲ್ಲಿ ಸೆಳೆತ ಕಮ್ಮಿ. ಅಲ್ಲಾಗಿದ್ರೆ ಆ ಚೆಂಡು ಗೋಡೆ ದಾಟಿ ಹೋಗಿರೋದು!" ಆಮೇಲೆ ಅಕ್ಕಪಕ್ಕದ ಸಾಲಿಗೆಲ್ಲ ಹಾಟ್‌ಡಾಗ್ ಕೊಡಿಸುತ್ತಿದ್ದ.

"ಶನಿಗ್ರಹಕ್ಕೆ ಬಸ್ ಹೋಗಲ್ಲ, ಎಮಿಲ್," ಎಂದಿದ್ದಳು ವರ್ನಾ.

"ಹಾಗಾದ್ರೆ ಟರ್ಟಲ್ಸ್ ಮೈದಾನ. ಅದೂ ಒಂಥರಾ ಬೇರೆ ಗ್ರಹಾನೇ. ಎಲ್ಲಾ ಆಟಕ್ಕೂ ಗಡಿಯಾರ ಇರತ್ತೆ, ಈ ಆಟಕ್ಕಿಲ್ಲ ನೋಡು."

ವರ್ನಾ ಅವನ ಕೈ ಹಿಡಿದು ಮಾತು ಕೊಟ್ಟಳು. ಕೊಟ್ಟ ಮಾತು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು, ಏಕೆಂದರೆ ಮೈದಾನದ ಮ್ಯಾನೇಜರ್ ಬ್ರೆಂಟ್ ಒಪ್ಪಲಿಲ್ಲ. ಮೀಸೆ ಇನ್ನೂ ಸರಿಯಾಗಿ ಬಾರದವನು.

"ಮಿಸೆಸ್ ಪಾಲ್ಕೊ, ನಿಮ್ಮ ದುಃಖ ನಮಗೆ ಅರ್ಥವಾಗತ್ತೆ. ಆದ್ರೆ ಒಬ್ಬರಿಗೆ ಬಿಟ್ರೆ ಇಡೀ ಊರು ಡಬ್ಬಿ ಹಿಡ್ಕೊಂಡು ಬರತ್ತೆ. ಹುಲ್ಲಿನ ಗತಿ ಏನು ಹೇಳಿ?"

"ನಿಮ್ಮ ಹುಲ್ಲು ಈಗ ತಾನೇ ಏನು ಉದ್ಧಾರ ಆಗಿದೆ?" ಎಂದು ಎದ್ದು ಬಂದಳು. ಕಾರಿನಲ್ಲಿ ಕೂತು ಅತ್ತಳು. ಅವನು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ಕಾರಿನ ಕಿಟಕಿ ಬಡಿದವನು ಡ್ವೇನ್, ಮೈದಾನದ ಹುಲ್ಲು ಕತ್ತರಿಸಿ ಗೆರೆ ಹಾಕುವವನು. ಎಮಿಲ್ ಕೊಟ್ಟ ಹಸಿರು ಪ್ರಾಣಿಯ ಪುಸ್ತಕಗಳು ಅವನ ಸಾಮಾನಿನ ಕೊಟ್ಟಿಗೆಯಲ್ಲೂ ಒಂದು ಪೆಟ್ಟಿಗೆ ತುಂಬ ಇದ್ದವು.

"ಹುಲ್ಲಿನ ಮೇಲೆ ಹಾಕಿದ್ರೆ ಕಾಣತ್ತೆ," ಎಂದ ಡ್ವೇನ್ ಆಚೀಚೆ ನೋಡಿ. "ಮಣ್ಣಿಗೆ ಹಾಕಿದ್ರೆ ಕುಂಟೆಗೆ ಸಿಗತ್ತೆ. ಆದ್ರೆ ಪ್ರತಿ ಆಟಕ್ಕೂ ಮುಂಚೆ ಗೆರೆ ಎಳೀತೀನಲ್ಲ, ಆ ಸುಣ್ಣದ ಗಾಡಿಗೆ ಸೇರಿಸಿದ್ರೆ ಯಾವನಿಗೂ ಗೊತ್ತಾಗಲ್ಲ. ಭಾನುವಾರ ಬೇಗ ಬಾ."

ಭಾನುವಾರ ಬೆಳಿಗ್ಗೆ ಇಬ್ಬರೂ ಸೇರಿ ಎಮಿಲ್‌ನನ್ನು ಸುಣ್ಣದ ಪುಡಿಯಲ್ಲಿ ಕಲೆಸಿದರು. ಚೂರೂ ಚೆಲ್ಲದಂತೆ ಡಬ್ಬಿಯನ್ನು ವರ್ನಾ ಎರಡೆರಡು ಸಲ ತಟ್ಟಿದಳು. ಗಾಡಿಯನ್ನೂ ತಾನೇ ತಳ್ಳುತ್ತೇನೆಂದು ಹಟ ಹಿಡಿದಳು. ಎಡಗಡೆಯ ಗೆರೆ, ಓಡುವವರು ಮುಟ್ಟುವ ಮೂರನೇ ಬೇಸಿನವರೆಗೆ ದಾರದಂತೆ ನೆಟ್ಟಗೆ ಹೋಯಿತು. ಅದನ್ನು ದಾಟಿದ ಮೇಲೆ ಕಣ್ಣು ಮಂಜಾಗಿ ಗೆರೆ ನಾಲ್ಕು ಬೆರಳಷ್ಟು ಹೊರಕ್ಕೆ ಉಬ್ಬಿ ಮತ್ತೆ ಒಳಕ್ಕೆ ಬಂತು.

"ಸೊಟ್ಟ ಆಯ್ತು, ವರ್ನಾ. ಅಳಿಸಿ ಮತ್ತೆ ಎಳೀತೀನಿ ಬಿಡು."

"ಅಳಿಸ್ತೀಯಾ? ಅವನನ್ನಾ?"

ಡ್ವೇನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಗೆರೆ ಹಾಗೇ ಉಳಿಯಿತು. ವರ್ನಾಳಿಗೆ ಎದೆ ಹಗುರವಾಯಿತು. ಇಡೀ ಮನುಷ್ಯ, ಒಂದೇ ಗೆರೆಯಲ್ಲಿ, ಅವಳು ಇಟ್ಟ ಜಾಗದಲ್ಲಿ.

ಅಂದು ಟರ್ಟಲ್ಸ್ ಯಾರ ನಂಬಿಕೆಗೂ ನಿಲುಕದಂತೆ ಆಡಿದರು. ಕೊನೆಯ ಇನ್ನಿಂಗ್ಸಿನಲ್ಲಿ ಒಂದು ರನ್ನಿನಿಂದ ಮುಂದಿದ್ದರು, ಇನ್ನೊಬ್ಬನನ್ನು ಔಟ್ ಮಾಡಿದರೆ ಗೆಲುವು. ಎದುರಾಳಿಗಳು ಇಬ್ಬರು ಬೇಸಿನ ಮೇಲೆ ಓಡಲು ಕಾಯುತ್ತಿದ್ದರು. ಆಗ ಅವರ ಹುಡುಗ ಹೊಡೆದ ಚೆಂಡು ಎಡಗಡೆಯ ಗೆರೆಗುಂಟ ಹಾರಿತು. ಗೆರೆಯಾಚೆ ಬಿದ್ದರೆ ಲೆಕ್ಕಕ್ಕಿಲ್ಲ, ಗೆರೆಯ ಮೇಲೆ ಬಿದ್ದರೆ ಸರಿಯಾದ ಹೊಡೆತ. ಮೈದಾನವಿಡೀ ಆಚೆ, ಆಚೆ ಎಂದು ಕೂಗಿತು. ಚೆಂಡು ಗೆರೆ ಇರಬೇಕಾದ ಜಾಗದಿಂದ ನಾಲ್ಕು ಬೆರಳು ಆಚೆಯೇ ಬಿತ್ತು, ಅಲ್ಲಿಂದ ಪುಸ್ಸೆಂದು ಬೂದುಬಣ್ಣದ ಧೂಳೆದ್ದಿತು.

ಧೂಳು ಕಂಡ ಅಂಪೈರ್ ಸರಿಯಾದ ಹೊಡೆತವೆಂದು ಕೈ ಒಳಕ್ಕೆ ಚಾಚಿದ. ಕಾದಿದ್ದ ಇಬ್ಬರೂ ಓಡಿ ಬಂದು ಕೊನೆಯ ಬೇಸ್ ಮುಟ್ಟಿ ಎರಡು ರನ್ ಗಳಿಸಿದರು. ಟರ್ಟಲ್ಸ್ ಸೋತರು.

"ಗೆರೆ ಸೊಟ್ಟಗಿದೆ ಕಣೋ ಕುರುಡಾ!" ಆರ್ನಿ ಕುರ್ಚಿಯ ಮೇಲೆ ಹತ್ತಿ ಅರಚಿದ. "ಯಾವ ಕತ್ತೆ ಎಳೆದಿದ್ದು ಅದನ್ನ?"

"ಕೆಳಗಿಳಿ ಆರ್ನಿ," ಎಂದಳು ವರ್ನಾ. "ಆ ಕತ್ತೆ ನಾನೇ. ಅಲ್ಲಿ ಎದ್ದಿದ್ದು ಬರೀ ಸುಣ್ಣ ಅಲ್ಲ. ಎಮಿಲ್."

ಆರ್ನಿ ಮೆಲ್ಲಗೆ ಕೂತ. ಅವನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

ಕೆಳಗೆ ಟರ್ಟಲ್ಸ್ ಕೋಚ್ ಜಗಳಕ್ಕೆ ನಿಂತಿದ್ದ. ಎಲ್ಲ ಕೋಚ್‌ಗಳೂ ಮಾಡುವಂತೆ ಸಿಟ್ಟಿನಿಂದ ನೆಲವನ್ನು ಒದ್ದು ಅಂಪೈರ್‌ನ ಪ್ಯಾಂಟಿನ ತುಂಬ ಧೂಳು ಎರಚುತ್ತಿದ್ದ. ಚೆಂಡು ಹಿಡಿಯಲು ಜಾರಿದ ಹುಡುಗನ ಎದೆಯೆಲ್ಲ ಬೂದು. ಗೆದ್ದವರು ಗೆರೆಯ ಮೇಲೆ ಕುಣಿದು ಬೂಟುಗಳ ತುಂಬ ಅದನ್ನು ಮೆತ್ತಿಕೊಂಡು ಬಸ್ಸಿನ ಕಡೆ ಹೊರಟಿದ್ದರು. ವರ್ನಾ ಬೆಳಿಗ್ಗೆ ಇಟ್ಟ ಗೆರೆ ಹುಡುಕಿದರೂ ಕಾಣಲಿಲ್ಲ. ಅವಳಿಗೆ ಹೊಟ್ಟೆ ಉರಿಯಬೇಕಿತ್ತು. ಬಂದದ್ದು ನಗು, ಕಣ್ಣಲ್ಲಿ ನೀರಿಳಿಯುವಷ್ಟು ನಗು.

"ಸತ್ತ ಮೇಲಾದ್ರೂ ನಮ್ಮನ್ನ ಗೆಲ್ಲಿಸಬಾರ್ದಿತ್ತಾ?" ಎಂದ ಆರ್ನಿ. "ಆಚೆ ಊರಿನವರಿಗೆ ಕೊಟ್ಟುಬಿಟ್ಟನಲ್ಲ ಆಟಾನ!"

"ಅವರು ಕೇಳಿರ್ತಾರೆ," ಎಂದು ವರ್ನಾ ಕಣ್ಣೊರೆಸಿಕೊಂಡಳು.